ಈರಮ್ಮ ವಿಭೂತಿ ಹಚ್ಚಿದ ಕಲ್ಲುಗಳು

ಚಾಮರಾಜನಗರದ ಅಂಚಿನಲ್ಲಿ, ಬದನಗುಪ್ಪೆ ಕಡೆಗೆ ಹೋಗುವ ದೊಡ್ಡ ರಸ್ತೆಯ ಮಗ್ಗುಲಿಗೆ ಒಂದು ದಾರಿ. ನಡೆಯುವವರಿಗೂ ಸೈಕಲ್ಲಿನವರಿಗೂ ಮಾತ್ರ ಮೀಸಲು. ಒಂದು ಬೆಳಿಗ್ಗೆ ಆ ದಾರಿಯುದ್ದಕ್ಕೂ ಬಿಳಿ ಬಳಿದು ಕೆಂಪು ಪಟ್ಟೆ ಎಳೆದ ಕಲ್ಲುಗಳು ನಿಂತಿದ್ದವು. ಪಕ್ಕದ ಬೀದಿಯ ಈರಮ್ಮನಿಗೆ ಗುಡಿಯ ಗೋಡೆಯೇ ನೆನಪಾಯಿತು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ದಣಿವಾರಿಸಿಕೊಳ್ಳಲೆಂದು ಯಾರೋ ಪುಣ್ಯಾತ್ಮರು ನೆಟ್ಟಿದ್ದಾರೆ ಎಂದುಕೊಂಡಳು. ಸೆರಗಿನ ಗಂಟು ಬಿಚ್ಚಿ ಕಲ್ಲಿಗೆ ವಿಭೂತಿ ಹಚ್ಚಿ, ಕಣಗಿಲೆ ಹೂ ಇಟ್ಟಳು. ಮರುದಿನ ಬೀದಿಯ ಹೆಂಗಸರೂ ಕರ್ಪೂರ ಹಚ್ಚಿದರು.

ಸ್ಕೂಲಿಗೆ ಹೊರಟಿದ್ದ ಮೊಮ್ಮಗಳು ರಮ್ಯ ಸೈಕಲ್ ನಿಲ್ಲಿಸಿ ನಕ್ಕುಬಿಟ್ಟಳು. "ಅದು ದೇವ್ರಲ್ಲ ಕಣಜ್ಜಿ. ಟ್ರಾಮ್‌ಗೆ ಅಳತೆ ಕಲ್ಲು."

"ಟ್ರಾಮ್ ಅಂದ್ರೇನಮ್ಮಿ?"

ಎದುರು ಮನೆಯ ಹುಚ್ಚಯ್ಯ ಜಗುಲಿಯಿಂದಲೇ ಹೇಳಿದ. "ರೈಲಿಗೆ ತಮ್ಮ, ಬಸ್ಸಿಗೆ ಭಾವ ಕಣಕ್ಕ. ಹಳಿ ಮ್ಯಾಲೆ ಊರೊಳಗೇ ಓಗುತ್ತೆ. ಬದನಗುಪ್ಪೆ ಫ್ಯಾಕ್ಟರಿಯಿಂದ ಬಸ್‌ಸ್ಟ್ಯಾಂಡ್ ಗಂಟ ಹಾಕ್ತಾರಂತೆ. ಬರ್ಲಿ ಬುಡು."

ಈರಮ್ಮನಿಗೆ ಬೇಡ ಎನ್ನಲು ಮನಸ್ಸು ಬಾರದು. ಸೊಸೆ ಅದೇ ಫ್ಯಾಕ್ಟರಿಗೆ ದಿನಾ ಬಸ್ಸಿನಲ್ಲಿ ಜೋತುಬಿದ್ದು ಹೋಗುತ್ತಾಳೆ. ಬೇಕು ಎನ್ನಲು ನಾಲಿಗೆ ಏಳದು; ದೊಡ್ಡ ಗಾಡಿ ಎಂದರೆ ಅವಳಿಗೆ ಭಯ. ಈ ದಾರಿ ಇಲ್ಲದ ಕಾಲದಲ್ಲಿ, ದೊಡ್ಡ ರಸ್ತೆಯ ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಗಂಡ ಬಸವಯ್ಯನಿಗೆ ಲಾರಿ ಬಡಿದಿತ್ತು. ಆತ ಮನೆಗೆ ಬರಲಿಲ್ಲ. ಸೊಟ್ಟಗಾದ ಸೈಕಲ್ ಬಂತು. ಅದನ್ನೇ ನೆಟ್ಟಗೆ ಮಾಡಿಸಿ ಈಗ ರಮ್ಯ ತುಳಿಯುತ್ತಾಳೆ.

ಅಂದು ಸಂಜೆ, ಬೀದಿಯ ಹಿರಿಯರನ್ನೆಲ್ಲ ಅತ್ತೆ ಎಂದೇ ಕರೆಯುವ ಸ್ತ್ರೀಶಕ್ತಿ ಸಂಘದ ಸ್ವರ್ಣಲತಾ ಬಂದಾಗ, ಟ್ರಾಮ್ ಒಳ್ಳೆಯದೋ ಕೆಟ್ಟದ್ದೋ ಎಂದು ಈರಮ್ಮ ಅವಳನ್ನೇ ಕೇಳಿದಳು.

"ಟ್ರಾಮ್ ಕೆಟ್ಟದ್ದಲ್ಲ ಅತ್ತೆ. ಆದ್ರೆ ಕಲ್ಲು ನೆಟ್ಟಿರೋದು ನಮ್ಮ ದಾರಿ ಮೇಲೆ. ಹಳಿ ಅಲ್ಲೇ ಬಂದ್ರೆ ದಾರಿ ಹೋಯ್ತು. ರಮ್ಯ ಲಾರಿ ಮಗ್ಗುಲಲ್ಲೇ ಸೈಕಲ್ ತುಳೀಬೇಕು."

"ಅಯ್ಯೋ ಶಿವನೇ! ಅದ್ಕೇ ನಾನು ಹೂ ಇಟ್ಟು ಕೈ ಮುಗುದ್ನಾ?"

"ಕತ್ತಲಾಗ್ಲಿ, ಎಲ್ಲಾ ಕಿತ್ತು ಕೆರೆಗೆ ಎಸುದ್ಬುಡನ," ಎಂದ ಎದುರು ಜಗುಲಿಯಿಂದ ಹುಚ್ಚಯ್ಯ. ಬೆಳಿಗ್ಗೆ ಟ್ರಾಮ್ ಬರಲಿ ಎಂದವನೂ ಅವನೇ.

"ಕಿತ್ರೆ ಕೇಸ್ ಹಾಕ್ತಾರೆ ಹುಚ್ಚಯ್ಯಣ್ಣ. ದಾರೀನೂ ಹೋಗುತ್ತೆ, ನೀವೂ ಹೋಗ್ತೀರಿ. ಹಳಿ ಇನ್ನೂ ಹಾಕಿಲ್ಲ. ಜನರ ಮಾತು ಕೇಳೋಕೆ ಗುರುವಾರ ನಗರಸಭೇಲಿ ಸಭೆ ಕರೆದವ್ರೆ. ಅಲ್ಲಿ ಹೇಳನ. ಆಕ್ಷೇಪಣೆ ಬರೆದುಕೊಟ್ಟು ಸೀಲ್ ಹಾಕಿಸ್ಕೊಳನ. ಬೇಡ ಅಂದ್ರೆ ಸಾಲದು, ಎಲ್ಲಿ ಹಾಕ್ಬೇಕು ಅಂತಲೂ ಹೇಳ್ಬೇಕು. ರಸ್ತೆ ಆಚೆ ಬದೀಲಿ ಜಾಗ ಬಿದ್ದಿಲ್ವಾ?"

"ಓದಿದೋರು ನಮ್ಮ ಮಾತು ಕೇಳ್ತಾರಾ ತಾಯಿ?"

"ಅವ್ರು ಕಾರಲ್ಲಿ ಬಂದು ನೋಡ್ಕಂಡು ಹೋದೋರು. ನಡೆಯೋರ ಕಷ್ಟ ನಡೆಯೋರೇ ಹೇಳ್ಬೇಕು ಅತ್ತೆ."

ಗುರುವಾರ ಈರಮ್ಮ ಸಭೆಯಲ್ಲಿ ಎದ್ದು ನಿಂತಳು.

"ಟ್ರಾಮ್ ಬೇಡವೇನಮ್ಮ?" ಅಧಿಕಾರಿ ಕೇಳಿದರು.

"ಬೇಕೋ ಬೇಡ್ವೋ ನಂಗಿನ್ನೂ ತಿಳೀನಿಲ್ಲ ಸ್ವಾಮಿ. ನಮ್ಮೆಜಮಾನ್ರು ಬಿದ್ದ ಜಾಗದಲ್ಲಿ ಮೊಮ್ಮಗಳು ಸೈಕಲ್ ತುಳೀಬಾರದು, ಅದೊಂದು ತಿಳಿದದೆ. ಆ ಕಲ್ಲಿಗೆ ಪೂಜೆ ಮಾಡ್ಬುಟ್ಟಿವ್ನಿ, ಕೀಳೋಕೆ ನನ್ ಕೈ ಬರಲ್ಲ. ನೆಟ್ಟೋರು ನೀವು. ನೀವೇ ಎತ್ತಿ ಆಚೆ ಬದೀಲಿ ಇಡಿ. ಅಲ್ಲಿಗೂ ಬಂದು ಹೂ ಇಡ್ತೀನಿ."

ಸಭೆ ನಕ್ಕಿತು. ಅಧಿಕಾರಿ ನಗಲಿಲ್ಲ. ಆಚೆ ಬದಿಯನ್ನೂ ಅಳೆಸುತ್ತೇವೆ ಎಂದು ಎಲ್ಲರೆದುರೇ ಬರೆಸಿದರು. ಆಕ್ಷೇಪಣೆಗೆ ಮೊದಲು ಹೆಬ್ಬೆಟ್ಟು ಒತ್ತಿದವನು ಹುಚ್ಚಯ್ಯ.

ಕಲ್ಲುಗಳು ಇನ್ನೂ ಅಲ್ಲೇ ಇವೆ. ಮರುದಿನ ಹೂ ಹಿಡಿದು ಬಂದ ಈರಮ್ಮ ಕಲ್ಲಿಗೆ ಇಡಬೇಕೋ ಬೇಡವೋ ತಿಳಿಯದೆ ಬಹಳ ಹೊತ್ತು ನಿಂತಳು. ಕೊನೆಗೆ, ಸ್ಕೂಲಿಗೆ ಹೊರಟ ರಮ್ಯ ತಂದು ನಿಲ್ಲಿಸಿದ ಬಸವಯ್ಯನ ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿಸಿ, "ಹುಷಾರು ಕಣಮ್ಮಿ," ಎಂದಳು. ರಮ್ಯ ದಾರಿಯ ನಡುವೆ ನಿಶ್ಚಿಂತೆಯಿಂದ ತುಳಿದುಕೊಂಡು ಹೋದಳು.

ಬಂಧುಗಳೇ, ನಿಮ್ಮೂರಿನ ಕಾಲುದಾರಿಯಲ್ಲೂ ಹೀಗೆ ಕಲ್ಲು ಎದ್ದರೆ ಕೈ ಮುಗಿಯಲೂ ಬೇಡಿ, ಕೀಳಲೂ ಬೇಡಿ. ಯಾರು ನೆಟ್ಟರು, ಯಾಕೆ ನೆಟ್ಟರು ಎಂದು ಕೇಳಿ. ಸಭೆ ಕರೆದ ದಿನ ಮನೆಮಂದಿಯೆಲ್ಲ ಹೋಗಿ. ಬರುವ ಬಂಡಿ ಬರಲಿ. ನಡೆಯುವವರ ದಾರಿ ನಡೆಯುವವರಿಗೇ ಉಳಿಯಲಿ.