ಪ್ರೆಸೆಂಟ್ ಸಾರ್

ನನ್ನ ಗಂಡನ ಹೆಸರು ಧನಂಜಯ. ಬರೆಯಲು ನನಗೇನೂ ಅಡ್ಡಿಯಿಲ್ಲ, ಬಾಯಲ್ಲಿ ಮಾತ್ರ ಹೇಳುವುದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಜ್ಜಿ ಹೆದರಿಸಿಟ್ಟಿದ್ದರು. ಅದನ್ನೆಲ್ಲ ನಾನು ನಂಬುವವಳಲ್ಲ. ಮೂವತ್ತೇಳು ವರ್ಷದ ಸಂಸಾರದಲ್ಲಿ, ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಅನ್ನಿಸಿದ ದಿನಗಳೂ ಇವೆ. ಆದರೂ ನಾಲಿಗೆ ಏಳುವುದಿಲ್ಲ. ಬ್ಯಾಂಕಿನವರು ಫೋನಿನಲ್ಲಿ ಕೇಳಿದರೆ ಡಿ, ಎಚ್, ಎ ಎಂದು ಅಕ್ಷರ ಬಿಡಿಸಿ ಹೇಳಿ ಪಾರಾಗುತ್ತೇನೆ. ಮನೆಯಲ್ಲಿ ‘ರೀ’ ಸಾಕು.

ಇದೇ ಹೆಸರು ನಮ್ಮ ಮಗನಿಗೂ ಅಂಟಿಕೊಂಡದ್ದು ಇಲ್ಲಿ ಅಮೆರಿಕದ ಆಸ್ಪತ್ರೆಯಲ್ಲಿ. ಚಂದನ್ ಹುಟ್ಟಿದಾಗ ಫಾರ್ಮಿನಲ್ಲಿ ಲಾಸ್ಟ್ ನೇಮ್ ಎಂಬ ಜಾಗ ಖಾಲಿಯಿತ್ತು. ಮದ್ದೂರಿನವರಿಗೆ ಲಾಸ್ಟ್ ನೇಮ್ ಎಲ್ಲಿಂದ ಬರಬೇಕು? ಒಂದು ಇನಿಶಿಯಲ್ ಇದ್ದರೆ ಆಯಿತು. ಇವರು ತಮ್ಮ ಹೆಸರನ್ನೇ ಗೀಚಿ ಕೈತೊಳೆದುಕೊಂಡರು. ಹಾಗಾಗಿ ಮುಂದೆ ಸೈನ್ಯಕ್ಕೆ ಸೇರಿದಾಗ ಆ ಹುಡುಗ ಎದೆಯ ಮೇಲೆ ಅಪ್ಪನ ಹೆಸರು ಹೊತ್ತುಕೊಂಡು ತಿರುಗಿದ.

ಸೈನ್ಯಕ್ಕೆ ಸೇರಿದ್ದೂ ಒಂದು ಕಥೆಯೇ. ಕಾಲೇಜನ್ನು ಆರು ತಿಂಗಳಿಗೆ ಬಿಟ್ಟು, ಎಲ್ಲಿಗೋ ಹೋಗಿ ಸಹಿ ಹಾಕಿ ಬಂದು, ಕಾಂಬ್ಯಾಟ್ ಇಂಜಿನಿಯರ್ ಆಗ್ತೀನಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ನನ್ನ ಕಿವಿಗೆ ಬಿದ್ದದ್ದು ಎರಡನೆಯ ಪದ ಮಾತ್ರ. ಮೈಸೂರು ಪಾಕ್ ಮಾಡಿ ಕನ್ನಡ ಸಂಘದ ಯುಗಾದಿಗೆ ಒಯ್ದು ಹಂಚಿದೆ. ಸಂಘದ ಅಧ್ಯಕ್ಷ ಪ್ರಭುದೇವ ಅವರು ಬಾಯಲ್ಲಿ ತುಂಡು ಇಟ್ಟುಕೊಂಡೇ, ಸಿವಿಲ್ಲೋ ಮೆಕ್ಯಾನಿಕಲ್ಲೋ ಎಂದು ಕೇಳಿದರು. ಸಿವಿಲ್ ಇರಬೇಕು ಎಂದರು ನಮ್ಮನೆಯವರು.

ರಸ್ತೆಯಲ್ಲಿ ಹೂತಿಟ್ಟ ಬಾಂಬು ಹುಡುಕಿ ತೆಗೆಯುವುದು, ಹಿಂದೆ ಬರುವವರಿಗೆ ದಾರಿ ಮಾಡಿಕೊಡುವುದು ಅವನ ಕೆಲಸ ಎಂದು ನಮಗೆ ಗೊತ್ತಾಗುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು. ತನ್ನ ಮಂಚದ ಕೆಳಗಿರುವ ಕಾಲುಚೀಲ ಹುಡುಕಲು ಬಾರದವನು ಅವನು. ಅಮ್ಮಾ ಎಂದು ಕಿರುಚಿದರೆ ನಾನು ಮಹಡಿ ಹತ್ತಿ ಹೋಗಿ ಎತ್ತಿಕೊಡಬೇಕಿತ್ತು. ಅಂಥವನನ್ನು ನಂಬಿ ಅಮೆರಿಕದವರು ಬಾಂಬು ಹುಡುಕಲು ಕಳಿಸಿದರು. ಹನ್ನೊಂದು ಸಿಕ್ಕವಂತೆ. ಹನ್ನೆರಡನೆಯದು ಸಿಗಲಿಲ್ಲ. ಎರಡು ಸಾವಿರದ ಹನ್ನೆರಡು, ಅಫ್ಘಾನಿಸ್ತಾನದ ಕಂದಹಾರದ ಹತ್ತಿರ. ಅವನಿಗೆ ಇಪ್ಪತ್ತೆರಡು. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಟಕೋಮಾ ಪಕ್ಕದ ಸೇನಾನೆಲೆಯಲ್ಲಿ ಅವನಿಗೊಂದು ಸಭೆ ಮಾಡಿದರು. ಅವರಲ್ಲೊಂದು ಪದ್ಧತಿ. ಸಾರ್ಜೆಂಟ್ ನಿಂತು ಹಾಜರಿ ಕರೆಯುತ್ತಾನೆ. ಬದುಕಿರುವವರು ‘ಹಿಯರ್’ ಎನ್ನುತ್ತಾರೆ. ಕೊನೆಗೆ ಸತ್ತವನ ಹೆಸರನ್ನು ಮೂರು ಸಲ ಕರೆಯುತ್ತಾರೆ. ಯಾರೂ ಓ ಎನ್ನುವುದಿಲ್ಲ. ಹಾಗೆ ಓ ಎನ್ನದೆ ಇರುವುದೇ ಅಲ್ಲಿನ ಪೂಜೆ, ಮಂಗಳಾರತಿ ಎಲ್ಲ.

ಹಿಂದಿನ ದಿನ ಆ ಸಾರ್ಜೆಂಟ್ ಮನೆಗೆ ಫೋನ್ ಮಾಡಿದ. ನಾವೆಲ್ಲ ಅವನನ್ನ ಡೀಜೇ ಅಂತಿದ್ವಿ, ಆದರೆ ನಾಳೆ ನಿಮ್ಮ ಮುಂದೆ ತಪ್ಪಾಗಿ ಕರೆಯಲು ಮನಸ್ಸಿಲ್ಲ, ಹೇಗೆ ಹೇಳಬೇಕು ಹೇಳಿಕೊಡಿ ಎಂದ. ಇವರು ಸ್ನಾನಕ್ಕೆ ಹೋಗಿದ್ದರು. ನಾನು ಫೋನ್ ಹಿಡಿದು ಗ್ಯಾರೇಜಿಗೆ ಹೋಗಿ, ಬಾಗಿಲು ಹಾಕಿಕೊಂಡು, ಮದುವೆಯಾದ ಮೇಲೆ ಮೊದಲ ಸಲ ಆ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಅವನು ‘ಡ್ಯಾ’ ಎಂದ. ‘ಡ್ಯಾ’ ಅಲ್ಲಪ್ಪ, ‘ಧ’, ಎದೆಯಿಂದ ಉಸಿರು ಬರಬೇಕು ಎಂದೆ. ಹತ್ತು ಸಲ ಹೇಳಿಸಿದೆ. ಒಳ್ಳೆಯ ವಿದ್ಯಾರ್ಥಿ, ಕಲಿತುಬಿಟ್ಟ.

ಮರುದಿನ ಚರ್ಚಿನಂಥ ಆ ಹಾಲಿನಲ್ಲಿ ಸಾರ್ಜೆಂಟ್ ತಲೆಯೆತ್ತಿ, ಸೈನ್ಯದ ದರ್ಜೆ ಸೇರಿಸಿ ಕರೆದ. “ಸ್ಪೆಷಲಿಸ್ಟ್ ಧನಂಜಯ.” ಅಷ್ಟು ಶುದ್ಧವಾಗಿ ಮದ್ದೂರಿನ ಮೇಷ್ಟರೂ ಕರೆದಿರಲಿಕ್ಕಿಲ್ಲ. ಕ್ಯಾನ್ಯನ್ ಪಾರ್ಕಿನ ಆಫೀಸಿನಲ್ಲಿ ಎಲ್ಲರಿಗೂ ಇವರು ಡ್ಯಾನ್. ಇಪ್ಪತ್ತಮೂರು ವರ್ಷದಲ್ಲಿ ಒಬ್ಬ ಅಮೆರಿಕದವನ ಬಾಯಲ್ಲೂ ಇವರ ಹೆಸರು ಸರಿಯಾಗಿ ಬಂದಿರಲಿಲ್ಲ. ಆರು ದಿನದಿಂದ ಕಣ್ಣು ಮುಚ್ಚದೆ ಕೂತಿದ್ದ ಮನುಷ್ಯ ಧಡಕ್ಕನೆ ಎದ್ದು, ಕೈ ಕಟ್ಟಿಕೊಂಡು ನಿಂತು, ಗಟ್ಟಿಯಾಗಿ “ಪ್ರೆಸೆಂಟ್ ಸಾರ್” ಎಂದುಬಿಟ್ಟರು.

ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ನಾನು ಕೋಟು ಜಗ್ಗಿ ಕೂರಿಸಿದೆ. ಉಳಿದೆರಡು ಸಲ ಕರೆದಾಗ ಯಾರೂ ಮಾತಾಡಲಿಲ್ಲ.

ಆಮೇಲೆ ಇವರು ಅಂಥ ಯಾವ ಸಭೆಗೂ ಬರಲಿಲ್ಲ. “ಕರೆದಿದ್ದು ಅವನನ್ನ ಕಣೇ. ನಾನು ಎದ್ದು ನಿಂತೆ. ಮಗಂದು ಅಂತ ಇದ್ದಿದ್ದು ಅದೊಂದೇ, ಅದನ್ನೂ ಹಾಳು ಮಾಡಿದೆ,” ಎಂದು ಒಂದೇ ಒಂದು ಸಲ ಹೇಳಿ ಬಾಯಿ ಮುಚ್ಚಿದರು. ಹೇಳಿಕೊಟ್ಟವಳು ನಾನು, ‘ಧ’ ತಿದ್ದಿದವಳು ನಾನು, ತಪ್ಪು ನನ್ನದು ಎಂದು ಹೇಳಿದ್ದರೆ ಅವರ ಅರ್ಧ ಭಾರ ಇಳಿಯುತ್ತಿತ್ತು. ಹದಿಮೂರು ವರ್ಷ ಹೇಳಲಿಲ್ಲ. ಮಗ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಇವರೊಬ್ಬರು. ಇವರೂ ಮುನಿಸಿಕೊಂಡರೆ ನಾನು ಯಾರ ಜೊತೆ ಜಗಳವಾಡಲಿ?

ಪ್ರತಿ ಆಗಸ್ಟಿನಲ್ಲಿ ಚಂದನ್ ಜೊತೆಯಿದ್ದವರು ಮುಕಿಲ್ಟಿಯೊದಲ್ಲಿ, ಕಾರು ದಾಟಿಸುವ ಫೆರಿ ದೋಣಿಯ ಹತ್ತಿರದ ಪಾರ್ಕಿನಲ್ಲಿ ಸೇರುತ್ತಾರೆ. ಬಿಯರು, ಸುಟ್ಟ ಮಾಂಸ, ಕೊನೆಗೊಂದು ಹಾಜರಿ. ನಾನು ಪುಳಿಯೋಗರೆ ಒಯ್ಯುತ್ತೇನೆ, ಅದೇ ಮೊದಲು ಖಾಲಿಯಾಗುತ್ತದೆ. ಈ ವರ್ಷ ನನ್ನ ಒಂದು ಕಣ್ಣಿನ ಪೊರೆ ತೆಗೆಸಿದ್ದರಿಂದ ಡ್ರೈವ್ ಮಾಡುವಂತಿರಲಿಲ್ಲ. ಇವರೇ ಬಿಡಬೇಕಾಯಿತು. ಕಾರಿನಿಂದ ಇಳಿಯೋದಿಲ್ಲ ಎಂದು ಮನೆಯಲ್ಲೇ ಕರಾರು ಮಾಡಿಕೊಂಡು ಹೊರಟರು.

ಅಲ್ಲಿ ಹೋದರೆ ಏಳು ಜನ ಮಾಜಿ ಕಾಂಬ್ಯಾಟ್ ಇಂಜಿನಿಯರುಗಳು, ಏಳೂ ಜನಕ್ಕೆ ಹೊಟ್ಟೆ ಬಂದಿದೆ, ಒಂದು ಬಟ್ಟೆಯ ಚಪ್ಪರ ನಿಲ್ಲಿಸಲು ಒದ್ದಾಡುತ್ತಿದ್ದಾರೆ. ಯುದ್ಧಭೂಮಿಯಲ್ಲಿ ಸೇತುವೆ ಹಾಕಿದ ಮಹಾನುಭಾವರು. ಚಪ್ಪರದ ಕಾಲುಗಳನ್ನು ಅದಲುಬದಲು ಸಿಕ್ಕಿಸಿದ್ದರು, ಗಾಳಿಗೆ ಬಟ್ಟೆ ಸಮುದ್ರದ ಕಡೆ ಹೊರಟಿತ್ತು. ಕಾರಿನೊಳಗಿಂದ ನೋಡುತ್ತಿದ್ದ ಇವರಿಗೆ ತಡೆಯಲಾಗಲಿಲ್ಲ. ಜನ್ಮದಲ್ಲಿ ಒಂದು ಮೊಳೆ ಹೊಡೆದವರಲ್ಲ, ಆದರೂ ಇಳಿದು ಬಂದು, ಅದು ಹಾಗಲ್ಲ ಎಂದು ಕಂಬ ಹಿಡಿದುಕೊಂಡರು.

ಕೆಂಪು ಗಡ್ಡದವನೊಬ್ಬ ಇವರ ಮುಖವನ್ನೇ ನೋಡಿ, ಆವತ್ತು ಓ ಅಂದವರು ನೀವೇ ಅಲ್ಲವಾ ಎಂದು ಕೇಳಿದ. ನಮ್ಮ ಸಾರ್ಜೆಂಟ್ ಕಳೆದ ಚಳಿಗಾಲದಲ್ಲಿ ತೀರಿಕೊಂಡರು, ಸಾಯುವವರೆಗೂ ಅದನ್ನೇ ಹೇಳುತ್ತಿದ್ದರು, ಎಷ್ಟೋ ಹುಡುಗರ ಹೆಸರು ಕರೆದೆ, ಉತ್ತರ ಬಂದದ್ದು ಒಂದೇ ಸಲ ಅಂತ, ಎಂದ. ಇವರ ಮುಖ ಕೆಂಪಾಯಿತು. ಕಾರಿನ ಕಡೆ ನೋಡಿದರು. ಆದರೆ ಕಂಬ ಬಿಟ್ಟರೆ ಚಪ್ಪರ ತಲೆಯ ಮೇಲೆ ಬೀಳುತ್ತಿತ್ತು.

ಅಷ್ಟರಲ್ಲಿ ಹಾಜರಿ ಶುರುವಾಯಿತು. ಈ ಸಲ ಕರೆದವನು ಆ ಗಡ್ಡದವನೇ. ಒಬ್ಬೊಬ್ಬರೂ ‘ಹಿಯರ್’ ಎಂದರು. ಕೊನೆಯ ಹೆಸರಿಗೆ ಬಂದು, “ಸ್ಪೆಷಲಿಸ್ಟ್ ಡ್ಯಾನ… ಡ್ಯಾನಾಂಜ…” ಎಂದು ತಡವರಿಸಿ ನಿಂತ. ಡೀಜೇ ಎಂದು ಕರೆದೇ ರೂಢಿ ಅವನಿಗೆ. ನಮ್ಮನೆಯವರು ತಲೆ ತಗ್ಗಿಸಿಕೊಂಡು ಕಂಬಕ್ಕೆ ಅಂಟಿ ನಿಂತಿದ್ದರು. ಹಲ್ಲು ಕಚ್ಚಿದ್ದು ನನಗೆ ಒಂದೇ ಕಣ್ಣಿನಲ್ಲೂ ಕಾಣುತ್ತಿತ್ತು. ಇವತ್ತು ಇದು ಹೀಗೇ ದಾಟಿಹೋದರೆ ಇನ್ನು ಯಾವತ್ತೂ ಆಗುವುದಿಲ್ಲ ಅನ್ನಿಸಿತು.

“ಧನಂಜಯ!” ಎಂದು ನಾನೇ ಕೂಗಿದೆ.

ಫೆರಿಗೆ ಸಾಲು ನಿಂತಿದ್ದ ಕಾರಿನವರೆಲ್ಲ ತಿರುಗಿ ನೋಡಿದರು. ಇವರು ಬಾಯಿ ತೆರೆದು ನನ್ನನ್ನೇ ನೋಡಿದರು. ಆಮೇಲೆ ಕಂಬವನ್ನು ಪಕ್ಕದವನ ಕೈಗೆ ಕೊಟ್ಟು, ಅಂಗಿ ಒಳಗೆ ಸೇರಿಸಿ, ಕೈ ಕಟ್ಟಿಕೊಂಡು ನೆಟ್ಟಗೆ ನಿಂತರು.

“ಪ್ರೆಸೆಂಟ್ ಸಾರ್.”

ಗಡ್ಡದವನು ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಉಳಿದೆರಡು ಸಲ ಅವನು ಕರೆಯಲಿಲ್ಲ.

ಹಿಂದಿರುಗುವಾಗ ಇವರು ಕಾರಿಗೆ ಬೀಗದಕೈ ಹಾಕಿ, ಸ್ಟಾರ್ಟ್ ಮಾಡದೆ ಕೂತರು.

“ಆವತ್ತು ಸಾರ್ಜೆಂಟ್‌ಗೆ ಹೇಳಿಕೊಟ್ಟಿದ್ದು ನೀನೇನಾ?”

“ಹೂಂ ರೀ.”

ಕನ್ನಡಕ ತೆಗೆದು ತುಂಬಾ ಹೊತ್ತು ಒರೆಸಿಕೊಂಡರು. ಬೈಯುತ್ತಾರೆ ಎಂದು ಸೆರಗು ಹಿಡಿದು ಕೂತೆ.

“‘ಧ’ ಚೆನ್ನಾಗಿ ಹೇಳಿಕೊಟ್ಟಿದ್ದೆ ಕಣೇ. ಅದಕ್ಕೇ ಎದ್ದುಬಿಟ್ಟೆ,” ಎಂದರು. ಕನ್ನಡಕ ಹಾಕಿಕೊಂಡು, “ಇನ್ನೊಂದ್ಸಲ ಕರಿ,” ಎಂದರು.

“ಸುಮ್ನಿರಿ,” ಎಂದೆ. “ಆಯಸ್ಸು ಕಮ್ಮಿಯಾಗತ್ತೆ.”