ರಾಜ ನಡೆಯುವ ಓಣಿ

"ಇನ್ನು ಭೂಕಂಪ ಆದ್ರೂ ಈ ಬೆಂಚು ಅಲ್ಲಾಡಲ್ಲ ಮೇಡಂ," ಎಂದು ಬಡಗಿ ಹೆಮ್ಮೆಯಿಂದ ಒಂದು ಗುದ್ದು ಕೊಟ್ಟು ತೋರಿಸಿದ. ನಾಟಕದ ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು. ಅವರ ತರಗತಿಯ ಬೆಂಚಿಗೆಲ್ಲ ನೆಲಕ್ಕೆ ಸೇರಿಸಿ ಬೋಲ್ಟು ಬಿದ್ದಿತ್ತು.

ಹಳೆಯ ನಾಟಕಗಳನ್ನು ಅವರು ಬರೀ ಓದಿಸುತ್ತಿರಲಿಲ್ಲ, ಆಡಿಸುತ್ತಿದ್ದರು. ಬೆಂಚು ಗೋಡೆಗೆ ಸರಿದರೆ ನಡುವೆ ಅರಮನೆ ಏಳುತ್ತಿತ್ತು. ಬೆಂಚೆಳೆಯುವ ಸದ್ದು ವರಾಂಡದ ಆ ತುದಿಯಲ್ಲಿದ್ದ ಪ್ರಿನ್ಸಿಪಾಲರ ಕಿವಿಗೂ ಬೀಳುತ್ತಿತ್ತು. ಮಾತಿಗೊಮ್ಮೆ 'ಶ್' ಎನ್ನುವ ಅವರಿಗೆ ಮಕ್ಕಳಿಟ್ಟ ಹೆಸರು ಕುಕ್ಕರ್ ಸಾರ್.

ಮೇಡಂ ನೇರ ಅವರ ಕೋಣೆಗೇ ಹೋದರು. "ನನ್ನನ್ನೊಂದು ಮಾತು ಕೇಳಬಹುದಿತ್ತಲ್ಲ ಸಾರ್?"

"ಶ್... ನಿಮ್ಮನ್ನ ಪಾಠ ಮಾಡೋಕೆ ಕರೆಸಿದ್ದು, ಪಾತ್ರ ಮಾಡ್ಸೋಕಲ್ಲ. ಪರೀಕ್ಷೇಲಿ ಕುಣೀತಾರಾ ಮಕ್ಕಳು?"

"ಇದೇ ನಾಟಕ ಅಂದ್ರೆ ಆಕಳಿಸ್ತಿದ್ದೋರು ಈಗ ಅದರಲ್ಲಿ ಬರೋ ಮಂತ್ರಿ ಪರವಾಗಿ ಜಗಳಕ್ಕೆ ನಿಲ್ತಾರೆ ಸಾರ್!"

"ಆ ಜಗಳಾನೇ ಬೇಡ ಅಂತಿರೋದು. ಕೂತು ಓದ್ಲಿ."

ಎಮ್ಮೆಯ ಮೇಲೆ ಮಳೆ ಸುರಿದಂತಾಯಿತು. ಬೋಲ್ಟು ಬಿದ್ದದ್ದು ಮಕ್ಕಳ ಕಾಲಿಗೇ ಅನ್ನಿಸಿ ಮೇಡಂಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಹಿಂತಿರುಗಿದವರೇ, "ಎಲ್ಲಾರೂ ವರಾಂಡಕ್ಕೆ ಬನ್ನಿ," ಎಂದರು.

ಅಂದು ಮೂರನೆಯ ಅಂಕ. ಸತ್ಯ ಹೇಳಿದ ಮಂತ್ರಿಯನ್ನು ಗಡೀಪಾರು ಮಾಡಲು ರಾಜ ಸಭೆಗೆ ಹೊರಟಿದ್ದಾನೆ. ಮಕ್ಕಳು ಎದುರುಬದುರಾಗಿ ಎರಡು ಸಾಲು ನಿಂತರು. ನಡುವಿನ ಓಣಿಯಲ್ಲಿ ಯಾರು ನಡೆದರೂ ಅವರೇ ರಾಜ. ಹಾದುಹೋಗುವಾಗ ಒಬ್ಬೊಬ್ಬರೂ ಅವನ ಮನಸ್ಸಿನ ದನಿಯಾಗಿ ಪಿಸುಗುಡಬೇಕು. ತುದಿ ಮುಟ್ಟಿದ ರಾಜ ತನ್ನ ತೀರ್ಮಾನ ಹೇಳಬೇಕು.

ಮಿಮಿಕ್ರಿಯಲ್ಲಿ ಎತ್ತಿದ ಕೈಯಾದ 'ಗಿಳಿ' ಎಂಬ ಹುಡುಗಿ ಸಾಲಿನಲ್ಲಿ ನಿಂತು, "ಶ್... ರಾಜ ಬರ್ತಿದಾನೆ," ಎಂದಳು. ಎಲ್ಲರೂ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ನಿಜವಾದ 'ಶ್' ಕೇಳಿಸಿತು.

"ಇದೇನು ವರಾಂಡನೋ, ಸಂತೆಯೋ?" ಪ್ರಿನ್ಸಿಪಾಲರು ದುಮುಗುಡುತ್ತ ಬಂದರು. ಮೇಡಂ ಈ ತುದಿಯಲ್ಲಿದ್ದರು. ಅವರನ್ನು ಮುಟ್ಟಲು ಸಾಲುಗಳ ನಡುವೆಯೇ ಹಾದುಬರಬೇಕಿತ್ತು. ಪ್ರಿನ್ಸಿಪಾಲರು ಓಣಿಗೆ ಕಾಲಿಟ್ಟರು.

ನಿಯಮ ಅಂದ್ರೆ ನಿಯಮ.

"ಮಹಾರಾಜ, ಅವನು ಸುಳ್ಳು ಹೇಳಿಲ್ಲ."

"ಓಡಿಸಿಬಿಡು. ರಾಜ್ಯ ತಣ್ಣಗಿರುತ್ತೆ."

"ನಿಂಗೆ ಭಯ, ಅಲ್ವಾ?"

ಪ್ರಿನ್ಸಿಪಾಲರ ನಡಿಗೆ ನಿಧಾನವಾಯಿತು. ಕತ್ತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿತು. 'ಶ್' ಎನ್ನಲು ಕೂಡಿದ್ದ ತುಟಿ ಹಾಗೆಯೇ ಉಳಿಯಿತು. ಗಿಳಿ ಯಾರ ದನಿಯನ್ನೂ ಅನುಕರಿಸದೆ ಕೇಳಿದಳು: "ನಾವು ಎದ್ದು ಓಡಾಡಿದ್ರೆ ನಿಮಗೇನು ಕಷ್ಟ ಸಾರ್?"

ಅವರು ತುದಿ ಮುಟ್ಟಿದರು.

"ಈಗ ತೀರ್ಮಾನ ಹೇಳಬೇಕು," ಎಂದರು ಮೇಡಂ.

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. "ವರಾಂಡದಲ್ಲೂ ಇನ್ನು ನಾಟಕ ಇಲ್ಲ. ಈ ಪೀರಿಯಡ್ ನಾಳೆಯಿಂದ ಗಣಿತಕ್ಕೆ."

ಹೇಳಿ ತಿರುಗಿದರು. ಅವರ ಕೋಣೆ ಆ ತುದಿಯಲ್ಲಿತ್ತು. ಸಾಲುಗಳು ಚದುರಿರಲಿಲ್ಲ.

ಮತ್ತೆ ಓಣಿಗೆ ಇಳಿದರು. ಈ ಸಲ ಒಬ್ಬರೂ ಪಿಟಕ್ಕೆನ್ನಲಿಲ್ಲ. ಎರಡೂ ಬದಿಯ ಕಣ್ಣುಗಳು ಅವರ ಜೊತೆಜೊತೆಗೇ ಸರಿದವು. ಅರ್ಧ ದಾರಿಯಲ್ಲಿ ಅವರು ನಿಂತು, ಗಿಳಿಯ ಕಡೆಗೆ ಸ್ವಲ್ಪವೇ ಬಾಗಿ ಕಿವಿಗೊಟ್ಟರು. ಅವಳು ತುಟಿ ಬಿಗಿದು ನೆಟ್ಟಗೆ ನಿಂತಿದ್ದಳು.