ಗಿಣ್ಣುಹಾಲಿನೊಳಗಿನ ಮೊಳೆ

ದೊಡ್ಡಮ್ಮ ಏಕಾಂತಮ್ಮನ ಹಸು ಕರು ಹಾಕಿದ ಸುದ್ದಿ ಬಂದದ್ದೇ ತಡ, ಯಶೋಧಾ ಚಿತ್ರದುರ್ಗದ ಕಾಲೇಜಿನಿಂದ ಮತ್ತೋಡು ಹಳ್ಳಿಗೆ ಓಡಿ ಬಂದಳು. ದೊಡ್ಡಮ್ಮನ ಮೇಲಿನ ಪ್ರೀತಿಗೆ ಅಂದುಕೊಳ್ಳಬೇಡಿ. ಅವಳಿಗೆ ಬೇಕಿದ್ದದ್ದು ಗಿಣ್ಣುಹಾಲು, ಅದೂ ತಿನ್ನುವುದಕ್ಕಲ್ಲ. ಎಂ.ಎಸ್ಸಿ. ಪ್ರಾಜೆಕ್ಟು ಅದರ ಮೇಲೇ ನಿಂತಿತ್ತು. ಸೋಮವಾರ ಒಪ್ಪಿಸದಿದ್ದರೆ ಒಂದು ವರ್ಷ ಮಣ್ಣುಪಾಲು.

“ಈ ಹಾಲ್ನಾಗೆ ಲ್ಯಾಕ್ಟೋಫೆರಿನ್ ಅಂತ ಒಂದು ಪ್ರೋಟೀನ್ ಐತೆ ದೊಡ್ಡಮ್ಮ. ಕೆಟ್ಟ ಬ್ಯಾಕ್ಟೀರಿಯಾ ಬೆಳೀಬೇಕಂದ್ರೆ ಕಬ್ಬಿಣದ ಅಂಶ ಬೇಕು. ಇದು ಅದನ್ನ ಮೊದ್ಲೇ ಹಿಡ್ಕಂಡು ಕುಂತ್ಬಿಡ್ತದೆ. ಅವು ಉಪಾಸ ಬೀಳ್ತವೆ.”

“ಅಂದ್ರೆ ನಮ್ಮತ್ತೆ ಇದ್ದಂಗೆ. ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಗಿಸ್ಕಂಡೇ ಕುಂತಿರೋಳು,” ಎಂದಳು ಏಕಾಂತಮ್ಮ.

ಕರು ಹೊಟ್ಟೆ ತುಂಬ ಕುಡಿದ ಮೇಲೆ ಯಶೋಧಾ ಎರಡು ಬಾಟಲಿ ತುಂಬಿಸಿ, ಯಾರೂ ಮುಟ್ಟಬಾರದೆಂದು ಹೇಳಿ, ಊಟಕ್ಕೆ ಕೂತಳು. ಊಟ ಮುಗಿಸಿ ಬಸ್ಸು ಹತ್ತಿದಳು.

ಲ್ಯಾಬಿನಲ್ಲಿ ಎರಡಕ್ಕೂ ಒಂದೇ ಬಗೆಯ ಬ್ಯಾಕ್ಟೀರಿಯಾ ಹಾಕಿದಳು. ಮರುದಿನ ನೋಡಿದರೆ ಒಂದರಲ್ಲಿ ಅವು ಬೆಳೆದೇ ಇಲ್ಲ, ಇನ್ನೊಂದರಲ್ಲಿ ಸಂತೆಯೇ ನೆರೆದಿದೆ!

“ಒಂದೇ ಹಸು, ಒಂದೇ ಹೊತ್ತಿನ ಹಾಲು, ಎರಡು ಉತ್ತರ. ನಾನು ಯಾವುದಕ್ಕಮ್ಮ ಸಹಿ ಹಾಕ್ಲಿ?” ಎಂದರು ಗೈಡ್ ಪ್ರದೀಪ್.

ಯಶೋಧಾ ಕೆಟ್ಟ ಬಾಟಲಿಯ ಹಾಲು ಚೆಲ್ಲಲು ಬಗ್ಗಿಸಿದಾಗ ಟಣ್ಣೆಂದು ಒಂದು ತುಕ್ಕು ಹಿಡಿದ ಮೊಳೆ ಬಿತ್ತು.

ತಕ್ಷಣ ಫೋನು ಹಚ್ಚಿದಳು. “ದೊಡ್ಡಮ್ಮ! ಹಾಲಿಗೆ ಮೊಳೆ ಹಾಕಿದ್ಯಾ?”

“ಹಾಕ್ದೆ ಇರ್ತೀನಾ? ಹಾಲು ಊರು ದಾಟೋವಾಗ ಕಬ್ಬಿಣ ಇಲ್ದಂಗೆ ಕಳಿಸ್ತಾರೇನೇ? ಬಸ್ನಾಗೆ ಎಷ್ಟು ಜನದ ಕಣ್ಣು ಬೀಳ್ತವೋ! ಎರಡಕ್ಕೂ ಹಾಕಾಣ ಅಂತಿದ್ದೆ, ಅಷ್ಟ್ರಾಗೆ ನೀನು ಕೈ ತೊಳ್ಕಂಡು ಬಂದ್ಬಿಟ್ಟೆ.”

“ನನ್ನ ವರ್ಷಾನೇ ಹಾಳು ಮಾಡಿದ್ಯಲ್ಲ…” ಎಂದು ಶುರು ಮಾಡಿದವಳು ಅಲ್ಲಿಗೇ ನಿಂತಳು. ಕಬ್ಬಿಣ! ಪ್ರೋಟೀನು ಹಿಡಿಯುವಷ್ಟು ಹಿಡಿದಿದೆ, ಮಿಕ್ಕದ್ದನ್ನು ಬ್ಯಾಕ್ಟೀರಿಯಾ ಉಂಡು ಕೊಬ್ಬಿವೆ. ಅಯ್ಯೋ, ಅವಳು ತೋರಿಸಬೇಕೆಂದಿದ್ದದ್ದೂ ಅದೇ ಅಲ್ಲವೇ!

ಮೊಳೆಯನ್ನು ಚೆನ್ನಾಗಿ ಕುದಿಸಿ, ಒಳ್ಳೆಯ ಬಾಟಲಿಯ ಹಾಲನ್ನು ಬೇರೊಂದು ಬಾಟಲಿಗೆ ಒಂದಿಷ್ಟು ಬಗ್ಗಿಸಿ ಅದರಲ್ಲಿ ಬಿಟ್ಟಳು. ಬೆಳಗಾಗುವಷ್ಟರಲ್ಲಿ ಅಲ್ಲೂ ಸಂತೆ. ಮೊಳೆಯಿಲ್ಲದ ಹಾಲು ಹಾಗೇ ಇತ್ತು. ಪ್ರದೀಪ್ ಎರಡೆರಡು ಸಲ ನೋಡಿ ಸಹಿ ಹಾಕಿದರು.

“ದೊಡ್ಡಮ್ಮ, ನಿನ್ನ ಮೊಳೆಯಿಂದ ನನ್ನ ಪ್ರಾಜೆಕ್ಟು ಆಯ್ತು ಕಣೆ.”

“ನೋಡ್ದಾ? ದೃಷ್ಟಿ ತಾಕ್ಲಿಲ್ಲ!”

ಯಶೋಧಾ ವಿವರಿಸಲು ಹೋಗಿ ನಕ್ಕುಬಿಟ್ಟಳು.

“ಲೇ, ಅದನ್ನ ಎಲ್ಲಾದ್ರೂ ಎಸ್ದುಗಿಸ್ದು ಬಿಟ್ಟೀಯ. ನೀನು ಹುಟ್ಟಿದಾಗ ನಿನ್ನ ತೊಟ್ಟಿಲಾಗೆ ಇಟ್ಟಿದ್ದು ಅದೇಯ. ಇಷ್ಟು ವರ್ಷ ಜೋಪಾನ ಮಾಡೀನಿ.”

ಮೊಳೆ ಕಸದ ಡಬ್ಬಿಯಲ್ಲಿತ್ತು. ಯಶೋಧಾ ಹುಡುಕಿ ತೆಗೆದು, ತೊಳೆದು, ದುಪಟ್ಟಾದಲ್ಲಿ ಒರೆಸಿಕೊಂಡಳು. ಸಂಜೆ ಊರ ಕಡೆಯ ಬಸ್ಸು ಹತ್ತಿದವಳು ಮತ್ತೋಡು ಬರುವ ತನಕ ಮುಷ್ಟಿ ಬಿಚ್ಚಲಿಲ್ಲ.